ಮನೆಯೊಳಗಿನ ಸಾಕ್ಷಿ

ಡೈಸಿ ತನ್ನ ಗಂಡನ ಹತ್ತಿರ ಮಾತು ಬಿಟ್ಟು ಹತ್ತು ದಿನವಾಗಿತ್ತು. ಯಾಕೆಂದು ಗಂಡನಿಗೆ ಗೊತ್ತಿರಲಿಲ್ಲ. ಜಗಳ ಆಗಿದ್ದರೆ ಬೇರೆ ಮಾತು. ಜಗಳವೂ ಇಲ್ಲ, ಪಾತ್ರೆ ಕುಕ್ಕಿದ್ದೂ ಇಲ್ಲ. ಹೊತ್ತುಹೊತ್ತಿಗೆ ಗಂಜಿ ಮೇಜಿನ ಮೇಲೆ ಬರುತ್ತಿತ್ತು, ಶರ್ಟು ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಮೀನಿನ ಕಾಸಿಂ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದರೆ ಗೇಟಿನ ಹತ್ತಿರ ಅರ್ಧ ಗಂಟೆ ಬಂಗುಡೆಯ ಕಣ್ಣಿನ ಬಗ್ಗೆ ಚರ್ಚೆ ಮಾಡುವ ಹೆಂಗಸು, ಒಳಗೆ ಬಂದ ಕೂಡಲೇ ಬಾಯಿಗೆ ಬೀಗ.

ಆರ್ಥರ್ ಪಿಂಟೋ ಮೂವತ್ತೊಂದು ವರ್ಷ ಗಲ್ಫಿನ ಒಂದು ಕ್ಯಾಂಟೀನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು, ಎರಡು ವರ್ಷದ ಹಿಂದೆ ಮಂಗಳೂರಿನ ದೇರೆಬೈಲಿನ ಮನೆಗೆ ಖಾಯಂ ಆಗಿ ಬಂದು ಕೂತವನು. ನೇರ ಅಡುಗೆಕೋಣೆಗೆ ಹೋಗಿ "ಎಂತ ಆಯ್ತು ಡೈಸಿ?" ಎಂದು ಕೇಳಿದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ನಿಮಗೇನು, ಹೇಳುತ್ತೀರಿ. ಕಾರಣ ಕೇಳಿದರೆ ಕಾರಣ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತದೆ, ಗೊತ್ತಿಲ್ಲದಿರುವುದು ಎರಡನೆಯ ತಪ್ಪಾಗುತ್ತದೆ. ಒಂದು ತಪ್ಪಿಗೇ ಹತ್ತು ದಿನವಾದರೆ ಎರಡಕ್ಕೆ ಎಷ್ಟು? ಹೀಗೆಲ್ಲ ಯೋಚಿಸಿದ ಆರ್ಥರ್, ಒಬ್ಬ ಹೆಂಡತಿಯನ್ನು ಕೇಳುವುದಕ್ಕಿಂತ ಹನ್ನೊಂದು ಸಾವಿರ ಜನರನ್ನು ಕೇಳುವುದೇ ಸುಲಭ ಎಂಬ ತೀರ್ಮಾನಕ್ಕೆ ಬಂದ. ಗಂಡಸರ ತಲೆ ಮಾರಾಯ್ರೇ, ಅದರೊಳಗೆ ಏನಿದೆಯೋ ಆ ದೇವರಿಗೇ ಗೊತ್ತು.

ಹನ್ನೊಂದು ಸಾವಿರ ಜನ ಇದ್ದದ್ದು 'ಸ್ವಂತ ಅನುಭವ' ಎಂಬ ಫೇಸ್‌ಬುಕ್ ಗುಂಪಿನಲ್ಲಿ. ಕುಚ್ಚಲಕ್ಕಿಗೆ ಹುಳ ಬಿದ್ದರೆ ಏನು ಮಾಡಬೇಕು, ಮೊಣಕಾಲು ನೋವಿಗೆ ಯಾವ ಎಣ್ಣೆ, ನೀರುದೋಸೆ ಕಾವಲಿಗೆ ಯಾಕೆ ಅಂಟುತ್ತದೆ, ಈಗಿನ ಮಕ್ಕಳು ಯಾಕೆ ಹೀಗೆ, ಇಂಥವು ಅಲ್ಲಿಯ ವಿಷಯ. ಮಂಗಳೂರಿನಲ್ಲಿ ಮೊಬೈಲ್ ಇದ್ದವರೆಲ್ಲ ಅದರಲ್ಲಿದ್ದರು, ಡೈಸಿಯೂ ಇದ್ದಳು. ಆರ್ಥರ್ ಜಗಲಿಯ ಕುರ್ಚಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಓದುತ್ತಿದ್ದ. ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ.

ಗುಂಪಿನ ಅಡ್ಮಿನ್ ಒಲಿವಿಯಾ ಟೀಚರ್. ನಿವೃತ್ತ ಗಣಿತ ಶಿಕ್ಷಕಿ. ಬೇರೆಯವರದ್ದನ್ನು ಫಾರ್ವರ್ಡ್ ಮಾಡುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅದಕ್ಕೇ ಮೂರು ನಿಯಮ ಮಾಡಿದ್ದರು. ಹೇಳುವುದು ಸ್ವಂತ ಅನುಭವವೇ ಆಗಿರಬೇಕು. ಅದಕ್ಕೆ ಮನೆಯವರೊಬ್ಬರು ಸಾಕ್ಷಿ ಹೇಳಬೇಕು. ಪ್ರಶ್ನೆ ಕೇಳುವುದಿದ್ದರೆ ಮೊದಲು ಮೂರು ಸಲಹೆ ಕೊಟ್ಟಿರಬೇಕು. ಯಾರಾದರೂ ಸಾಕ್ಷಿಯಿಲ್ಲದೆ ಬರೆದರೆ ಟೀಚರ್ ಕೆಳಗೆ ಬಂದು "ಸಾಕ್ಷಿ?" ಎಂದು ಒಂದೇ ಶಬ್ದ ಹಾಕುತ್ತಿದ್ದರು. ಸಂಜೆಯೊಳಗೆ ಸಾಕ್ಷಿ ಬಾರದಿದ್ದರೆ ಬರೆದದ್ದು ಮಾಯ.

ಆರ್ಥರ್‌ನ ಹತ್ತಿರ ಅನುಭವವೇ ಇರಲಿಲ್ಲ. ಮೂವತ್ತೊಂದು ವರ್ಷ ಕೋಣೆ ಕಂಪನಿಯದ್ದು, ಊಟ ಮೆಸ್ಸಿನದ್ದು, ಬಟ್ಟೆ ಲಾಂಡ್ರಿಯದ್ದು. ನಾಲ್ಕು ಸಾವಿರ ಮೊಟ್ಟೆಯನ್ನು ಒಡೆಯದೆ ಇಡುವುದು ಹೇಗೆಂದು ಅವನಿಗೆ ಗೊತ್ತಿತ್ತು, ಆದರೆ ದೇರೆಬೈಲಿನಲ್ಲಿ ಯಾರ ಮನೆಯಲ್ಲಿ ನಾಲ್ಕು ಸಾವಿರ ಮೊಟ್ಟೆ ಇರುತ್ತದೆ? ಕೊನೆಗೆ ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಬರೆದ: "ತೆಂಗಿನಕಾಯಿ ತುರಿಯುವಾಗ ರೇಡಿಯೋದಲ್ಲಿ ವಾರ್ತೆ ಹಾಕಬೇಕು. ತುರಿ ನುಣ್ಣಗೆ ಬರುತ್ತದೆ. ಹಾಡು ಆಗುವುದಿಲ್ಲ, ವಾರ್ತೆಯೇ ಆಗಬೇಕು. ಸ್ವಂತ ಅನುಭವ."

"ಸಾಕ್ಷಿ?" ಎಂದರು ಟೀಚರ್.

ಅಯ್ಯೋ ಕೆಟ್ಟೆ ಎಂದುಕೊಂಡ ಆರ್ಥರ್. ಮನೆಯಲ್ಲಿ ಇರುವುದೇ ಇಬ್ಬರು. ಮಗಳು ಸೋನಿಯಾ ಮಸ್ಕತ್‌ನಲ್ಲಿ. ಮುಖ ಕೊಟ್ಟು ಮಾತಾಡದ ಹೆಂಡತಿ ಇಂಥ ಹಸಿ ಸುಳ್ಳಿಗೆ ಸಾಕ್ಷಿ ಹೇಳುತ್ತಾಳೆಯೇ? ಅವನು ಅದನ್ನು ಅಳಿಸಲು ಹೊರಟಾಗ ಮೊಬೈಲ್ ಟಿಂಗ್ ಎಂದಿತು.

"ಹೌದು," ಎಂದು ಬರೆದಿದ್ದಳು ಡೈಸಿ ಪಿಂಟೋ.

ಆರ್ಥರ್ ಆ ಒಂದು ಶಬ್ದವನ್ನು ನಲವತ್ತು ಸಲ ಓದಿದ. ಪ್ರತಿ ಭಾನುವಾರ ಚರ್ಚಿನ ಮೊದಲ ಪೂಜೆಗೆ ಹೋಗುವ ಹೆಂಗಸು, ಗಂಡನಿಗಾಗಿ ಹನ್ನೊಂದು ಸಾವಿರ ಜನರ ಎದುರು ಸುಳ್ಳು ಹೇಳಿದ್ದಾಳೆ! ಅದೂ ಕನ್ನಡದಲ್ಲಿ. ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೆ ಭಾಷೆ ಅವರ ನಡುವೆ ಇದ್ದದ್ದೇ ಇಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಹಲ್ಲು ಕಿರಿಯುತ್ತಾ ಅಡುಗೆಕೋಣೆಗೆ ಹೋದ. ಡೈಸಿ ಬಾಗಿಲಿಗೆ ಬೆನ್ನು ಹಾಕಿ ಬಸಳೆ ಹೆಚ್ಚುತ್ತಿದ್ದಳು. ಐದು ನಿಮಿಷ ನಿಂತು ಒಂದು ಲೋಟ ನೀರು ಕುಡಿದು ವಾಪಸು ಬಂದ.

ಮರುದಿನ ಪಕ್ಕದ ಮನೆಯ ಮಹಾಬಲ ಕಂಪೌಂಡಿನ ಮೇಲಿಂದ ತಲೆ ಹಾಕಿದರು. ಮಂಗಳೂರಿನ ತುಳುವರು ಕ್ರೈಸ್ತ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವ ಹಾಗೆ ಅವರೂ ಕರೆದರು.

"ಪೊರ್ಬುಲೇ, ನಿಮ್ಮ ರೇಡಿಯೋದ್ದು ಬಾರೀ ಲಾಯ್ಕ ಉಂಟು ಮಾರಾಯ್ರೆ! ನಿನ್ನೆ ಹಾಡು ಹಾಕಿ ನೋಡಿದ್ದು, ತುರಿ ದೊರಗು ದೊರಗು. ಇವತ್ತು ವಾರ್ತೆ ಹಾಕಿದ್ದು, ಬೆಣ್ಣೆ!"

"ಹೌದಾ?" ಎಂದ ಆರ್ಥರ್, ತನಗೇ ಆಶ್ಚರ್ಯವಾಗಿ.

"ಆದರೆ ಕ್ರೀಡಾ ವಾರ್ತೆ ಬಂದಾಗ ಸ್ವಲ್ಪ ದಪ್ಪ ಆಗ್ತದೆ. ಅದಕ್ಕೆ ಎಂತ ಮಾಡುವುದು?"

"ಆಗ ಒಂಚೂರು ನಿಲ್ಲಿಸಿ," ಎಂದ ಆರ್ಥರ್. ಇನ್ನೇನು ಹೇಳುತ್ತಾನೆ ಪಾಪ!

ಎರಡನೆಯ ಸಲಹೆ ಮಳೆಗಾಲದ ಬಟ್ಟೆಯದ್ದು. ಒದ್ದೆ ಬಟ್ಟೆಯ ಸಾಲಿನಲ್ಲಿ ಮೊದಲೇ ಒಣಗಿದ ಟವೆಲ್ ಒಂದನ್ನು ಹಾಕಬೇಕು, ಅದನ್ನು ನೋಡಿ ಉಳಿದವಕ್ಕೂ ಒಣಗುವ ಮನಸ್ಸಾಗುತ್ತದೆ ಎಂದು ಬರೆದ. ಡೈಸಿಯ ಸಾಕ್ಷಿ ಹತ್ತೇ ನಿಮಿಷದಲ್ಲಿ ಬಂತು: "ಹೌದು. ನೋಡಿದ್ದೇನೆ." ಎರಡು ಶಬ್ದ! ಮೂರನೆಯದ್ದು ಸೊಳ್ಳೆಗೆ. ಮುಸ್ಸಂಜೆ ಖಾಲಿ ಕೋಣೆಯಲ್ಲಿ ಲೈಟ್ ಹಾಕಿ ಒಬ್ಬರೇ ಜೋರಾಗಿ ಮಾತಾಡಬೇಕು, ಸೊಳ್ಳೆಗಳು ಜನ ಅಲ್ಲಿದ್ದಾರೆಂದು ಅಲ್ಲಿಗೆ ಹೋಗಿ ಮೋಸ ಹೋಗುತ್ತವೆ. ಅದಕ್ಕೆ ಡೈಸಿ ಬರೆದಳು: "ಹೌದು. ಖಾಲಿ ಕೋಣೆಯಲ್ಲಿ ಚೆನ್ನಾಗಿ ಮಾತಾಡುತ್ತಾರೆ. ಜನ ಇದ್ದಲ್ಲಿ ಕಡಿಮೆ." ಎಂಟು ಶಬ್ದ ಎಂದು ಲೆಕ್ಕ ಹಾಕಿ ಹಿಗ್ಗಿದನೇ ಹೊರತು ಆ ಎಂಟರಲ್ಲಿ ಏನಿದೆ ಎಂದು ನಮ್ಮ ಆರ್ಥರ್ ನೋಡಲಿಲ್ಲ.

ಮೂರು ಸಲಹೆ ಆಯಿತು, ಈಗ ಪ್ರಶ್ನೆ ಕೇಳಬೇಕಿತ್ತು. ಅವನು ಕೇಳಲಿಲ್ಲ. ಪ್ರಶ್ನೆ ಯಾಕೆ, ಹೆಂಡತಿ ಮಾತಾಡುತ್ತಿದ್ದಾಳಲ್ಲ, ಕಮೆಂಟಿನಲ್ಲಾದರೂ! ದಿನಕ್ಕೊಂದು ಸುಳ್ಳು ಹೊಸೆಯತೊಡಗಿದ. ಹಲ್ಲಿಗೆ ಹೆಸರಿಟ್ಟು ಕರೆದರೆ ನಾಚಿ ಓಡುತ್ತದೆ. ಹಾಲು ಉಕ್ಕುವಾಗ ಅದನ್ನು ನೋಡದ ಹಾಗೆ ನಟಿಸಬೇಕು. ಈರುಳ್ಳಿ ಹೆಚ್ಚುವ ಮೊದಲು ಯಾವುದಾದರೂ ಹಳೆಯ ದುಃಖಕ್ಕೆ ಅತ್ತು ಮುಗಿಸಬೇಕು, ಆಮೇಲೆ ಕಣ್ಣೀರು ಬರುವುದಿಲ್ಲ. ಒಂದೊಂದಕ್ಕೂ ಡೈಸಿ "ಹೌದು" ಎಂದಳು, ಒಂದೊಂದನ್ನೂ ಊರು ನಂಬಿತು.

ಬರೀ ನಂಬಿದ್ದಲ್ಲ, ಮಾಡಿತು. ಬೆಳಿಗ್ಗೆ ವಾರ್ತೆಯ ಹೊತ್ತಿಗೆ ದೇರೆಬೈಲಿನ ಮನೆಮನೆಯಿಂದ ಕಾಯಿ ಕೆರೆಯುವ ಸದ್ದು ಕೇಳತೊಡಗಿತು. ವಾಮಂಜೂರಿನ ಒಬ್ಬರು ಒದ್ದೆ ಭತ್ತದ ರಾಶಿಯ ಎದುರು ಒಂದು ಹಪ್ಪಳ ಇಟ್ಟು ಮೂರು ದಿನ ಕಾದು, ಗುಣ ಕಂಡಿತೆಂದು ಫೋಟೋ ಹಾಕಿದರು. ಕೊಡಿಯಾಲ್‌ಬೈಲಿನ ಒಂದು ಫ್ಲ್ಯಾಟಿನಲ್ಲಿ ಮುಸ್ಸಂಜೆ ಎಲ್ಲರೂ ಖಾಲಿ ಕೋಣೆಗಳಲ್ಲಿ ಮಾತಾಡುವ ಗದ್ದಲ ತಾಳಲಾರದೆ, ಖಾಲಿ ಕೋಣೆಯ ಮಾತು ಏಳೂವರೆಗೆ ಮುಗಿಯಬೇಕೆಂದು ಲಿಫ್ಟಿನೊಳಗೆ ನೋಟಿಸು ಅಂಟಿಸಿದರು. ಆರ್ಥರ್ ರಸ್ತೆಗಿಳಿದರೆ ಜನ ನಿಲ್ಲಿಸಿ ಕೈ ಕುಲುಕುತ್ತಿದ್ದರು. ಮನೆಗೆ ಬಂದರೆ ಅದೇ ಗಂಜಿ, ಅದೇ ಇಸ್ತ್ರಿ, ಅದೇ ಬೆನ್ನು.

ಹೀಗಿರುವಾಗ ಒಂದು ದಿನ, ಚಪ್ಪಲಿ ಕಳೆದುಹೋಗದ ಉಪಾಯ ಬರೆದು ಕಾದರೆ, ಮಧ್ಯಾಹ್ನವಾದರೂ ಡೈಸಿಯ ಸಾಕ್ಷಿ ಇಲ್ಲ. ಸಂಜೆ ಬಂದದ್ದು ಒಂದು ಹೆಬ್ಬೆರಳು. ಅಕ್ಷರವಿಲ್ಲ, ಬರೀ ಹೆಬ್ಬೆರಳಿನ ಚಿತ್ರ. ಆರ್ಥರ್ ಅದನ್ನು ದೊಡ್ಡದು ಮಾಡಿ ನೋಡಿದ. ನಾಳೆ ಅದೂ ಇಲ್ಲದಿದ್ದರೆ? ಈ ಮನೆಯಲ್ಲಿ ಇನ್ನೆಷ್ಟು ವರ್ಷ ಹೀಗೆ, ಎರಡು ಕುರ್ಚಿಗಳ ಹಾಗೆ? ಅಂದು ಅವನಿಗೆ ಗಂಜಿ ಇಳಿಯಲಿಲ್ಲ.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬರೆದ: "ನನ್ನ ಹೆಂಡತಿ ಇಪ್ಪತ್ತಾರು ದಿನದಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಕಾರಣ ಗೊತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ."

"ಸಾಕ್ಷಿ?" ಎಂದರು ಒಲಿವಿಯಾ ಟೀಚರ್. ಪ್ರಶ್ನೆಯೂ ಸ್ವಂತದ್ದೇ ಆಗಿರಬೇಕಲ್ಲ!

ಒಳಗೆ ಒಗ್ಗರಣೆಯ ಸದ್ದು ನಿಂತಿತು. ಟಿಂಗ್ ಎಂದಿತು ಮೊಬೈಲ್.

"ಹೌದು. ಇಪ್ಪತ್ತಾರಲ್ಲ, ಇಪ್ಪತ್ತೊಂಬತ್ತು," ಎಂದಿದ್ದಳು ಡೈಸಿ.

ಆರ್ಥರ್‌ಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಹೆಂಡತಿ ಮಾತು ಬಿಟ್ಟದ್ದು ಗೊತ್ತಾಗಲಿಕ್ಕೇ ಅವನಿಗೆ ಮೂರು ದಿನ ಬೇಕಾಗಿತ್ತು.

ಆಮೇಲೆ ನೋಡಿ, ಊರಿಗೆ ಊರೇ ಸಲಹೆ ಕೊಡಲು ಬಂದು ಬಿತ್ತು. ಸೀರೆ ತೆಗೆದುಕೊಡಿ. ಊಟ ಬಿಡಿ. ಕೊಡಿಯಾಲ್‌ಬೈಲಿನ ಒಬ್ಬ ವಕೀಲರು, ಏನಿದ್ದರೂ ಬರವಣಿಗೆಯಲ್ಲಿ ಇರಲಿ ಎಂದರು. "ನಮ್ಮವಳು ಏಳು ತಿಂಗಳು ಮಾತು ಬಿಟ್ಟಿದ್ದಳು. ಈಗ ಮಾತಾಡ್ತಾಳೆ. ಮೊದಲಿನದ್ದೇ ಒಳ್ಳೆದಿತ್ತು," ಎಂದ ಇನ್ನೊಬ್ಬನಿಗೆ ಅವನ ಹೆಂಡತಿಯೇ ಕೆಳಗೆ ಸಾಕ್ಷಿ ಹೇಳಿದಳು. ಮಹಾಬಲರು, "ಪೊರ್ಬುಲೇ, ಟವೆಲಿನ ಹಾಗೆಯೇ ಮಾಡಿ. ಮಾತಾಡುವ ಹೆಂಗಸೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಅವರನ್ನು ನೋಡಿ ಬಾಯಮ್ಮನಿಗೂ ಮನಸ್ಸಾಗ್ತದೆ. ಬೇಕಾದರೆ ನನ್ನವಳನ್ನು ಕಳಿಸ್ತೇನೆ, ಸಂಜೆಯವರೆಗೆ ಇಟ್ಟುಕೊಳ್ಳಿ," ಎಂದು ಬರೆದರು. ಆರ್ಥರ್ ತಲೆಗೆ ಕೈ ಹೊತ್ತು ಕೂತ. ತಾನು ಬಿತ್ತಿದ್ದೆಲ್ಲ ಈಗ ತನ್ನ ಅಂಗಳದಲ್ಲೇ ಮೊಳೆತು ನಿಂತಿತ್ತು.

ನಾನೂರು ಕಮೆಂಟು ಆದ ಮೇಲೆ ಮೀನಿನ ಕಾಸಿಂ ಬಂದ. ಎಲ್ಲೋ ಸ್ಕೂಟರ್ ನಿಲ್ಲಿಸಿ ಬರೆದಿರಬೇಕು. "ಎಲ್ಲರೂ ಪೊರ್ಬುಗಳಿಗೇ ಹೇಳ್ತೀರಲ್ಲ ಮಾರಾಯ್ರೆ. ಬಾಯಮ್ಮಾ, ನೀವು ಇಲ್ಲೇ ಇದ್ದೀರಲ್ಲ. ಎಂತ ಆದದ್ದು?"

ಇದು ಯಾರಿಗೂ ಹೊಳೆದಿರಲಿಲ್ಲ. ಕಮೆಂಟುಗಳು ಗಕ್ಕನೆ ನಿಂತವು. ಡೈಸಿ ಬರೆಯುತ್ತಿದ್ದಾಳೆ ಎಂದು ಮೂರು ಚುಕ್ಕಿ ಕುಣಿಯತೊಡಗಿತು. ಕುಣಿಯಿತು, ನಿಂತಿತು, ಮತ್ತೆ ಕುಣಿಯಿತು. ಕೊನೆಗೆ ಬಂತು.

"ಕಾಸಿಂ, ನೀನಾದರೂ ಕೇಳಿದಿಯಲ್ಲ. ಇವರು ಗಲ್ಫಿನಲ್ಲಿ ಇದ್ದಾಗ ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ರು. ಮೊದಲ ಮಾತೇ 'ಎಂತ ವಿಶೇಷ ಡೈಸಿ?' ಅಂತ. ಅದಕ್ಕಾಗಿ ವಾರವಿಡೀ ಕಂಡದ್ದು ಕೇಳಿದ್ದು ಎಲ್ಲ ಜೋಡಿಸಿ ಇಡ್ತಿದ್ದೆ. ನನ್ನ ಆಸ್ಪತ್ರೆ ಡ್ಯೂಟಿಯ ವಿಷಯ, ಸೋನಿಯಾಳ ಶಾಲೆಯದ್ದು, ದನ ಬಂದು ಬಸಳೆ ತಿಂದದ್ದು. ಇವರು ಅಲ್ಲಿಂದ ನಗಾಡ್ತಿದ್ರು, ಫೋನ್ ಕಾರ್ಡ್ ಮುಗಿದು ಲೈನ್ ಕಟ್ ಆಗುವವರೆಗೆ ನಗಾಡ್ತಿದ್ರು. ಊರಿಗೆ ಬಂದರೆ ದಿನಾ ಶುಕ್ರವಾರ ಅಂತ ನಾನು ಗ್ರಹಿಸಿದ್ದೆ. ಎರಡು ವರ್ಷದಲ್ಲಿ ಇವರು ನನ್ನನ್ನು ಕೇಳಿದ್ದು ಎರಡೇ: ರಿಮೋಟ್ ಎಲ್ಲಿ, ಗ್ಯಾಸ್ ಬಂತಾ. ಇಪ್ಪತ್ತೊಂಬತ್ತು ದಿನದ ಹಿಂದೆ ಬಸ್ಸಿನಲ್ಲಿ ಒಂದು ತಮಾಷೆ ಕಂಡೆ. ದಾರಿಯುದ್ದಕ್ಕೂ ಒಬ್ಬಳೇ ನಗಾಡಿಕೊಂಡು ಬಂದು ಹೇಳ್ಳಿಕ್ಕೆ ಶುರು ಮಾಡಿದೆ. ಇವರು ಈ ಗುಂಪನ್ನೇ ಓದ್ತಾ ಇದ್ರು. ತಲೆ ಎತ್ತದೆ ಬೆರಳು ಎತ್ತಿ 'ಒಂದು ನಿಮಿಷ' ಹೇಳಿದ್ರು. ನಾನು ಮಾತು ಬಿಟ್ಟದ್ದಲ್ಲ. ಆ ನಿಮಿಷ ಮುಗಿಯಲಿ ಅಂತ ಕಾಯ್ತಾ ಇದ್ದೇನೆ."

ಹನ್ನೊಂದು ಸಾವಿರ ಜನರ ಗುಂಪಿನಲ್ಲಿ ಒಬ್ಬರ ಹತ್ತಿರವೂ ಇಂಥದ್ದಕ್ಕೆ ಅನುಭವ ಇರಲಿಲ್ಲ. ಆಮೇಲೆ, ನಿಯಮ ಎಂದರೆ ನಿಯಮ, ಒಲಿವಿಯಾ ಟೀಚರ್ ಕೇಳಿದರು: "ಸಾಕ್ಷಿ?"

ಸಾಕ್ಷಿ ಹೇಳಬೇಕಾದವನು ಜಗಲಿಯಲ್ಲಿ ಕೂತಿದ್ದ. ಅವನಿಗೆ ಆ ದಿನ ನೆನಪಾಯಿತು. ಎತ್ತಿದ ಬೆರಳು ನೆನಪಾಯಿತು. ಅಂದು ತಾನು ಓದುತ್ತಿದ್ದದ್ದು ಏನೆಂದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. "ಹೌದು" ಎಂದು ಬರೆದ. ಬರೆದು ನೋಡಿದರೆ ಅದು ತೀರಾ ಸಾಲದು ಎನಿಸಿತು. ಗುಂಪನ್ನು ಮುಚ್ಚಿ, ಹೆಂಡತಿಯ ನಂಬರು ಒತ್ತಿದ.

ಅಡುಗೆಕೋಣೆಯಲ್ಲಿ ಫೋನ್ ಬಡಿದುಕೊಂಡಿತು. ಡೈಸಿ ತಡಮಾಡಿ ಎತ್ತಿದಳು.

"ಹಲೋ, ಯಾರು?"

"ನಾನು. ಆರ್ಥರ್."

"ಎಲ್ಲಿಂದ ಮಾತಾಡುವುದು?"

"ಜಗಲಿಯಿಂದ."

"ಸ್ವರ ಸರಿ ಕೇಳುವುದಿಲ್ಲ."

ಆರ್ಥರ್ ಎದ್ದ. ಫೋನನ್ನು ಕಿವಿಗೆ ಒತ್ತಿಕೊಂಡೇ ಚಾವಡಿ ದಾಟಿ ಅಡುಗೆಕೋಣೆಯ ಬಾಗಿಲಲ್ಲಿ ಬಂದು ನಿಂತ. ಡೈಸಿ ಬಾಗಿಲಿಗೆ ಬೆನ್ನು ಹಾಕಿ, ಅವಳೂ ಫೋನ್ ಹಿಡಿದೇ ನಿಂತಿದ್ದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

"ಈಗ ಕೇಳ್ತದಾ?" ಎಂದ.

"ಈಗ ಅಡ್ಡಿಯಿಲ್ಲ."

ಆರ್ಥರ್ ಎರಡು ಸಲ ಕೆಮ್ಮಿ, "ಎಂತ ವಿಶೇಷ ಡೈಸಿ?" ಎಂದು ಕೇಳಿದ.

ಡೈಸಿ ಗ್ಯಾಸ್ ಆರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದಳು, ಫೋನ್ ಮಾತ್ರ ಕಿವಿಯಿಂದ ತೆಗೆಯಲಿಲ್ಲ.

"ಒಬ್ಬ ಮನುಷ್ಯ ಬಸ್ಸಿಗೆ ಹತ್ತಿದ, ತಲೆಯ ಮೇಲೆ ಬಾಗಿಲು. ಮರದ ಬಾಗಿಲು, ಚಿಲಕ ಸಮೇತ. ಕಂಡಕ್ಟರ್ ಬಾಗಿಲಿಗೂ ಟಿಕೆಟ್ ಮಾಡಬೇಕು ಹೇಳಿದ. ಇವ ಎಂತ ಮಾಡಿದ ಗೊತ್ತುಂಟಾ? ಬಾಗಿಲನ್ನು ಸೀಟುಗಳ ನಡುವೆ ನಿಲ್ಲಿಸಿ, ಅದರ ಹಿಂದೆ ಹೋಗಿ ಚಿಲಕ ಹಾಕಿಕೊಂಡ. ಕಂಡಕ್ಟರ್ ಹೋಗಿ ಬಾಗಿಲು ತಟ್ಟಿದ..."

ಆರ್ಥರ್‌ನ ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು. ಮೂವತ್ತೊಂದು ವರ್ಷ ಲೈನಿನ ಆ ತುದಿಯಲ್ಲಿದ್ದ ನಗು, ಅವನ ಕಣ್ಣಲ್ಲಿ ನೀರು ತರಿಸಿ, ಬಾಗಿಲ ದಾರಂದ ಹಿಡಿದು ಬಗ್ಗುವ ಹಾಗೆ ಮಾಡಿತು.

"ಇರಿ, ಈಗಲೇ ನಗಾಡಬೇಡಿ," ಎಂದಳು ಡೈಸಿ ಫೋನಿನೊಳಗೆ. "ಇನ್ನೂ ಉಂಟು."