ಒರಳಿನ ಅಂಚು

ಯಂತ್ರದ ಬೆಳಕು ಮಿಂಚಿ ಹೋಯಿತು, ಕಣ್ಣೊಳಗೆ ಹಸಿರು ಬೊಟ್ಟೊಂದು ಉಳಿದಿದೆ, ಬರಗೇರಮ್ಮ ಗೋಡೆ ನೋಡಿದರೆ ಗೋಡೆಯ ಮೇಲೆ, ತಮ್ಮ ಓಬಣ್ಣನನ್ನು ನೋಡಿದರೆ ಅವನ ಮೂಗಿನ ಮೇಲೆ — ಹೋಗ್ತದೆ ಬಿಡಮ್ಮ ಅಂದಳು ಡಾಕ್ಟರಮ್ಮ, ಅದು ಹೋದೀತು, ಆಮೇಲೆ ಹೇಳಿದ್ದು ಹೋಗುವಂಥದ್ದಲ್ಲ, ತೋರಿಸಿಕೊಳ್ಳಲು ಬಂದವನು ಓಬಣ್ಣ, ಶ್ರೀರಾಂಪುರದಲ್ಲಿ ಬಸ್ಸು ಹತ್ತಿಸಿ ದುರ್ಗದ ಈ ಕಣ್ಣಾಸ್ಪತ್ರೆಗೆ ಕೈಹಿಡಿದು ತಂದವಳಷ್ಟೇ ಅವಳು, ಅವನ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೆ ಕೊಳವೆಯಲ್ಲಿ ಇಣುಕಿದಷ್ಟೇ ಲೋಕ, ಮಂದೆಯ ಅಂಚಿನ ಕುರಿಗಳು ಅವನ ಪಾಲಿಗೆ ಇಲ್ಲವೇ ಇಲ್ಲ, ಫೋಟೊ ತೆಗೆಯುವ ಯಂತ್ರಕ್ಕೆ ಗದ್ದ ಇಡು ಅಂದರೆ ಹಿಂದೆ ಸರಿದ, ಇರೋದೊಂದೂ ಸುಟ್ಟೋದ್ರೆ, ನೀ ಮೊದ್ಲು ಕುಂತ್ಕ ಅಕ್ಕ, ನೋಡಾಣ — ಕುಳಿತಳು, ಹೆದರುವ ಮಂದೆಯ ಮುಂದೆ ಒಂದು ಕುರಿಯನ್ನು ನೀರಿಗಿಳಿಸಿ ತೋರಿಸುವುದಿಲ್ಲವೇ, ಹಾಗೆ. ಆಮೇಲೆ ಅವನೂ ಕುಳಿತ. ಡಾಕ್ಟರಮ್ಮ ಅವನ ಫೋಟೊ ನೋಡಿ ತಲೆಯಾಡಿಸಿ ಮತ್ತೆ ಇವಳದಕ್ಕೇ ಬಂದು ನಿಂತಳು, ಹತ್ರ ಬರ್ರಿ, ಇದು ನಿಮ್ಮ ಕಣ್ಣಿನ ನರ, ಪರದೆಯ ಮೇಲೆ ಅದು ಅವಳಿಗೆ ಕೇಸರಿ ಚಂದ್ರನ ಹಾಗೆ ಕಂಡಿತು, ನಡುವೆ ಬಿಳಿಚಿದ ಕುಳಿ, ಕುಳಿ ಎಲ್ಲರಿಗೂ ಇರ್ತದೆ, ನಿಮ್ದು ಅಗಲ ಆಗೈತೆ, ಕೆಳಗಿನ ಅಂಚು ನೋಡ್ರಿ, ಸವೆದೈತೆ, ತಮ್ಮನಿಗಿರೋ ಗ್ಲಾಕೋಮಾ, ನರ ಸವೆಸೋ ಕಾಯಿಲೆ, ನಿಮ್ಗೂ ಶುರುವಾದಂಗೈತೆ. ಅವ್ವನ ಒರಳು. ರುಬ್ಬಿ ರುಬ್ಬಿ ಕುಳಿ ಅಗಲವಾಗಿ ಒಂದು ಕಡೆ ಅಂಚೇ ಸವೆದುಹೋಗಿ ಖಾರದ ನೀರು ಅಲ್ಲಿಂದಲೇ ಇಳಿಯುತ್ತಿತ್ತು, ಅವ್ವ ಅಂಗೈ ಅಡ್ಡ ಇಟ್ಟುಕೊಂಡು ರುಬ್ಬುತ್ತಿದ್ದಳು. ಸೂಜಿಗೆ ದಾರ ಪೋಣಿಸ್ತೀನಿ ತಾಯಿ, ಮರಿ ಗೊರಸಿನಾಗಿನ ಜಾಲಿಮುಳ್ಳು ಕಾಣ್ತೈತೆ ನಂಗೆ, ಅಂದಳು ಬರಗೇರಮ್ಮ. ಈಗ ಕಾಣ್ತೈತಮ್ಮ, ಸವೆಯೋದು ಗೊತ್ತೇ ಆಗಲ್ಲ, ಬೇಗ ಸಿಕ್ತು, ಇನ್ನೆರಡು ಪರೀಕ್ಷೆ ಮಾಡಾಣ, ಹೋದದ್ದು ಬರಲ್ಲ, ಇರೋದನ್ನ ದಿನಾ ಹನಿ ಬಿಟ್ಟು ಉಳಿಸ್ಕಬೇಕು — ಓಬಣ್ಣನಿಗೂ ಹೋದ ವರ್ಷ ಹನಿ ಕೊಟ್ಟಿದ್ದರು, ಬಿಟ್ರೂ ಕಾಣ್ವಲ್ದು ಅಂತ ಬೇಲಿಗೆ ಎಸೆದ, ಕಾಣಲಿಕ್ಕಲ್ಲ, ಇದ್ದದ್ದು ಹೋಗದಿರಲಿಕ್ಕೆ ಅಂತ ಇಬ್ಬರಿಗೂ ತಿಳಿದಿರಲಿಲ್ಲ. ಏನಂತಕ್ಕ, ಬೆಂಚಿನಿಂದ ಕೇಳುತ್ತಾನೆ ಓಬಣ್ಣ, ನಿಂಗೇನಾಗೈತೆ ಬಿಡು, ಉಪ್ಪಿನ ರಾಶಿಯಾಗೆ ಸಕ್ರೆ ಆರಿಸೋ ಕಣ್ಣು ನಿಂದು, ನಗುತ್ತಾನೆ, ಹೇಳಿದರೆ ಇವನು ಇನ್ನು ಯಾರ ಕೈ ಹಿಡಿದಾನು, ಹೇಳದಿದ್ದರೆ ಇವನೂ ಹನಿ ಬಿಟ್ಟುಕೊಳ್ಳುವುದಿಲ್ಲ, ಹೇಳಬೇಕು, ನಂಗೂ ಐತಂತೆ ಕಣಲೇ, ಇಬ್ರೂ ಬಿಟ್ಕಣಾಣ — ನಗು ನಿಂತಿತು, ತಡವರಿಸಿದ ಕೈ ಅವಳ ಮೊಣಕೈಯನ್ನು ಯಾವತ್ತಿಗಿಂತ ಬಿಗಿಯಾಗಿ ಹಿಡಿಯಿತು, ಕೋಣೆಯಿಂದ ಹೊರಗೆ ಇಳಿಯುವಾಗ ಅವಳೆಂದಳು, ಮೆಟ್ಲೈತೆ ಲೇ, ನೋಡ್ಕ, ಹಸಿರು ಬೊಟ್ಟು ಹೋಗಿದೆ, ಎಲ್ಲ ಮೆಟ್ಟಿಲೂ ನಿಚ್ಚಳ, ಕೊನೆಯದರ ಒಡೆದ ಮೂಲೆಯೂ, ಎಲ್ಲ ಕಾಣುತ್ತದೆ, ಅವ್ವನ ಒರಳು, ಸವೆದ ಅಂಚು, ಅಡ್ಡ ಇಟ್ಟ ಅಂಗೈ, ಬೆರಳ ಸಂದಿಯಲ್ಲಿ ಒಂದು ಹನಿ —