ಆದಿಲಕ್ಷ್ಮಿಯ ತಂಬಿಗೆ

ನನ್ನ ಗಂಡ ಶಿವಶಂಕರ್‌ಗೆ ಹಳೇ ಸಾಮಾನಿನ ಹುಚ್ಚು. ತ್ಯಾಗರಾಜನಗರದ ನಮ್ಮ ಮನೆಯ ತುಂಬ ಕೆಟ್ಟ ರೇಡಿಯೊ, ನಿಂತ ಗಡಿಯಾರ, ಯಾರದೋ ಅಜ್ಜನ ಕ್ಯಾಮೆರಾ. ಭಾನುವಾರ ಬೆಳಗಾದರೆ ಕೃಷ್ಣರಾಜ ಮಾರುಕಟ್ಟೆ ಹತ್ತಿರದ ಸಂಡೇ ಬಜಾರಿಗೆ ಓಡುತ್ತಾರೆ. ಬಂದಮೇಲೆ ಸಾಮಾನಿಗಿಂತ ಚೌಕಾಸಿಯ ಕಥೆಯೇ ದೊಡ್ಡದು. ಬೇಕಾದದ್ದನ್ನು ನೋಡಿಯೂ ನೋಡದಂತಿರಬೇಕಂತೆ. ಪಕ್ಕದ್ದರ ಬೆಲೆ ಕೇಳಿ ಮೂತಿ ತಿರುವಿ ಹೊರಟುಬಿಡಬೇಕಂತೆ. ತಿಂಡಿ ತಿಂದು ಬರುವಷ್ಟರಲ್ಲಿ ವ್ಯಾಪಾರಿ ತಾನೇ ಇಳಿದಿರುತ್ತಾನಂತೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಹೋದ ವರ್ಷ ಗಡಿಯಾರಗಳಿಗೆ ಜಾಗ ಸಾಲದೆ ಅಟ್ಟ ಖಾಲಿ ಮಾಡಿದರು. ಅಲ್ಲಿ ಗೋಣಿಚೀಲದಲ್ಲಿದ್ದ ಅವರಮ್ಮನ ಹಿತ್ತಾಳೆ ಪಾತ್ರೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದರು. ಕಂಡವರ ಮನೆಯ ತುಕ್ಕು ಹೊತ್ತು ತರುವ ಮನುಷ್ಯನಿಗೆ ಸ್ವಂತ ಮನೆಯ ಹಿತ್ತಾಳೆ ಕಸವಾಗಿ ಕಂಡಿತು. ನಾನೂ ಅಡ್ಡ ಬರಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮತ್ತೆ ಮುತ್ಯಾಲಮ್ಮ ಆ ಚೀಲದಲ್ಲಿದ್ದ ತಂಬಿಗೆ ಕೇಳಿದರು. ಪ್ರತಿ ವರ್ಷ ಹಿರಿಯರ ಎಡೆಯ ಪಕ್ಕ ಅದರಲ್ಲಿ ಹಾಲು ತುಂಬಿಡುತ್ತಿದ್ದರು. ಯಾರಿಗೆ ಅಂತ ನಾವು ಕೇಳಿದವರಲ್ಲ. ಅದಿಲ್ಲ ಎಂದು ಗೊತ್ತಾದ ಮೇಲೆ ಎಡೆಯ ಮುಂದೆ ಕೂತೇ ಹೇಳಿದರು. ಇವರಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತಂತೆ, ಆದಿಲಕ್ಷ್ಮಿ ಅಂತ. ನಾಮಕರಣಕ್ಕೆ ತವರಿನಿಂದ ಅತ್ತೆಯ ಅಣ್ಣ ಅವಳ ಹೆಸರು ಕೊರೆಸಿದ ತಂಬಿಗೆ ತಂದಿದ್ದರು. ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಮಗು ಹೋಯಿತು. ಫೋಟೋ ಇಲ್ಲ, ಬಟ್ಟೆ ಇಲ್ಲ, ಮಣ್ಣು ಮಾಡಿದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಅವಳ ಹೆಸರು ಉಳಿದಿದ್ದು ಆ ತಂಬಿಗೆಯ ಮೇಲೆ ಮಾತ್ರ.

ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಪ್ರತಿ ಭಾನುವಾರ ನಾನೂ ಇವರ ಜೊತೆ ಹೊರಟೆ. ಗುಜರಿಯವನು ಯಾರಿಗೆ ಮಾರಿದ್ದನೋ ಅವನಿಗೇ ನೆನಪಿರಲಿಲ್ಲ. ಬಜಾರಿನಲ್ಲಿ ಟಾರ್ಪಾಲಿನ ಮೇಲೆ ಸುರಿದ ಪಾತ್ರೆಗಳನ್ನೆಲ್ಲ ತಿರುಗಿಸಿ ನೋಡಿದೆವು. ಮೈತುಂಬ ಹೆಸರುಗಳು. ಎಷ್ಟೊಂದು ಮನೆಗಳು ಹೀಗೆ ತೂಕಕ್ಕೆ ಬಿದ್ದಿದ್ದವು. ಇವರು ಗಡಿಯಾರಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ದೊರೆಸ್ವಾಮಿ ಎಂಬ ವ್ಯಾಪಾರಿಯ ಹತ್ತಿರ ಅದು ಸಿಕ್ಕಿತು. ಬೀಗಗಳ ರಾಶಿಯ ಹಿಂದೆ, ಕಪ್ಪಗೆ, ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರಿನೊಂದಿಗೆ. ನಾನು ಕೈ ಚಾಚಿದೆ. ಇವರು ನನ್ನ ತೋಳು ಚಿವುಟಿದರು. ಹೆಸರನ್ನೊಮ್ಮೆ ಓದಿ, ಮುಖ ಸಿಂಡರಿಸಿ ಕೆಳಗಿಟ್ಟು, ಬೀಗದ ಬೆಲೆ ಕೇಳಿ ನನ್ನನ್ನು ಎಳೆದುಕೊಂಡು ಹೊರಟರು. ನಮಗೆ ಅದೇ ಬೇಕೆಂದು ಗೊತ್ತಾದರೆ ಅವನು ತಲೆ ಮೇಲೆ ಕೂರುತ್ತಾನೆ ಎಂದು ಗೊಣಗಿದರು. ನಾನು ಅಲ್ಲೇ ಜಗಳ ತೆಗೆಯಬೇಕಿತ್ತು. ಹೋಟೆಲಿನಲ್ಲಿ ಕೂತು ಇಡ್ಲಿ ತಿಂದೆವು, ಇಬ್ಬರಿಗೂ ಖುಷಿಯೋ ಖುಷಿ.

ವಾಪಸು ಬಂದಾಗ ತಂಬಿಗೆ ಟಾರ್ಪಾಲಿನ ಮುಂದಿನ ಸಾಲಿಗೆ ಬಂದಿತ್ತು. ಹೊಸದರಂತೆ ಥಳಥಳ ಹೊಳೆಯುತ್ತಿತ್ತು.

"ಹೆಸರು ನೋಡಿ ಮುಖ ಸಿಂಡ್ರಿಸ್ಕೊಂಡು ಹೋದ್ರಲ್ಲ ಸಾರ್," ಎಂದ ದೊರೆಸ್ವಾಮಿ. "ಕಂಡೋರ ಹೆಸರಿರೋದ್ನ ಯಾರೂ ಮನೇಗ್ ತಗೊಂಡ್ ಹೋಗಲ್ಲ. ಅದಕ್ಕೇ ಪಕ್ಕದ್ ಗಲ್ಲೀಲಿ ಮಿಷಿನ್‌ಗೆ ಕೊಟ್ಟು ನೀಟಾಗಿ ತೆಗೆಸ್ಬಿಟ್ಟೆ."

ಅವನ ಮುಖದಲ್ಲಿ ಗಿರಾಕಿಗೆ ಉಪಕಾರ ಮಾಡಿದ ಸಂತೋಷವಿತ್ತು. ಇವರು ರಸ್ತೆಯ ಮೇಲೇ ಕುಕ್ಕರಿಸಿದರು. ಆಮೇಲೆ ಅವನು ಕೇಳಿದಷ್ಟನ್ನೂ ಚೌಕಾಸಿ ಮಾಡದೆ ಕೊಟ್ಟರು. ದಾರಿಯಲ್ಲಿ, ಮತ್ತೆ ಹೆಸರು ಕೊರೆಸೋಣವಾ ಎಂದರು. ಅತ್ತೆಯ ಅಣ್ಣ ಕೊರೆಸಿದ ಅಕ್ಷರ ಈಗ ಯಾವ ಅಂಗಡಿಯವನಿಗೆ ಬರುತ್ತದೆ ಎಂದು ಸಿಟ್ಟಿನಲ್ಲೇ ಕೇಳಿದೆ. ಅವರು ಅಳುತ್ತಿದ್ದುದನ್ನು ಆಗ ನೋಡಿದೆ.

ಮನೆಯಲ್ಲಿ ತಂಬಿಗೆಯನ್ನು ಅಮ್ಮನ ಮಡಿಲಲ್ಲಿಟ್ಟರು. ಅತ್ತೆಗೆ ಓದಲು ಬಾರದು. ಹೆಬ್ಬೆರಳನ್ನು ಅದರ ಮೈಮೇಲೆ ಮೆಲ್ಲಗೆ ಆಡಿಸಿದರು. ಬೆರಳು ಒಂದು ಸುತ್ತು ಬಂತು, ತಂಬಿಗೆ ತಿರುಗಿಸಿದರು, ಇನ್ನೊಂದು ಸುತ್ತು ಬಂತು.

"ಇದು ನಮ್ದಲ್ಲ ಶಿವು," ಎಂದರು. "ಯಾರ ಮನೇದೋ ಏನೋ. ವಾಪಸ್ ಕೊಟ್ಬಿಡು, ಪಾಪ, ಹುಡುಕ್ತಿರ್ತಾರೆ."

ಇದೇ ಅದು ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಈಗಲೂ ಭಾನುವಾರ ಅತ್ತೆಯೇ ಇವರನ್ನು ಎಬ್ಬಿಸಿ ಬಜಾರಿಗೆ ಕಳಿಸುತ್ತಾರೆ. ಇವರು ಹೋಗಿ ಸಂಜೆವರೆಗೂ ಸುಮ್ಮನೆ ಸುತ್ತಿ, ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಸಿಗ್ತಾಳೆ ಬಿಡಪ್ಪ," ಎನ್ನುತ್ತಾರೆ ಅತ್ತೆ. "ಎಲ್ ಹೋಗ್ತಾಳೆ."