ಹದಿನೇಳನೇ ನಂಬರಿನ ಮೂಗು

ಒಂದು ಪಟ್ಟಣವಿತ್ತಂತೆ, ಅಲ್ಲಿ ಯಾರಿಗೂ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲವಂತೆ. ಅಜ್ಜಿ ಹೀಗೆ ಶುರು ಮಾಡೋಳು. ಬಸವೇಶ್ವರನಗರದ ಅಂಚಿನಲ್ಲಿ, ನಲ್ಲಿಗಳಿಗೆ ಕ್ರೋಮ್ ಹಾಕುವ ಶೆಡ್ಡಿಗೆ ನಾನು ಕೆಲಸಕ್ಕೆ ಸೇರಿದ ಮೇಲೆ, ಓಹ್, ಅದು ಇಲ್ಲೇ ಇದೆಯಲ್ಲ ಅನ್ನಿಸಿತು.

"ಥೂ ಮುಂಡೆ! ನಶ್ಯ ಏರಿಸಿ ಏರಿಸಿ ಮೂಗು ತೂತು ಮಾಡ್ಕೊಂಡು ನನ್ನ ಕ್ರೋಮ್ ತೊಟ್ಟಿ ಮೇಲೆ ಹೇಳ್ತೀಯಾ?" ಮಾಲೀಕ ಯೋಗಾನಂದ ಕಿರುಚುತ್ತಿದ್ದ.

"ನಶ್ಯ ಮುಟ್ಟಿಲ್ರೀ ಮಾಲಕ್ರ," ಅಂದಳು ಭಾಗವ್ವ. "ತೊಟ್ಟಿ ಹೊಗಿ ಕುಡದು ಹಿಂಗಾಗೇತಿ. ಪ್ಯಾಕಿಂಗಿಗೆ ಹಾಕ್ರಿ, ಅಷ್ಟ."

"ಯಾವ ಡಾಕ್ಟ್ರು ಬರ್ಕೊಟ್ಟಿದಾನೆ? ತಂದು ತೋರ್ಸು, ಆಮೇಲೆ ಬೊಗಳು."

ಭಾಗವ್ವ ಮತ್ತೆ ನಲ್ಲಿಗಳನ್ನು ತೊಟ್ಟಿಗಿಳಿಸಿದಳು. ಮೊನ್ನೆ ಅವಳ ಮನೆಯಲ್ಲಿ ಸಾರು ಸೀದು ಕರಕಲಾಗಿತ್ತು; ಪಕ್ಕದಲ್ಲೇ ಕೂತಿದ್ದವಳಿಗೆ ಗೊತ್ತೇ ಆಗಿರಲಿಲ್ಲ.

ಎರಡು ವರ್ಷದ ಹಿಂದೆ, ನಾನು ಸೇರುವ ಮೊದಲು, ಡಾಕ್ಟರ್ ಸ್ಮೃತಿ ಅನ್ನುವವರು ಸಂಶೋಧನೆಗೆಂದು ಶೆಡ್ಡಿನವರ ವಠಾರಕ್ಕೆ ಬಂದು ನಲವತ್ತು ಜನರ ಮೂಗಿಗೆ ಟಾರ್ಚ್ ಬಿಟ್ಟು ನೋಡಿದ್ದರು. ಒಬ್ಬೊಬ್ಬರಿಗೂ ಒಂದು ನಂಬರಿನ ಚೀಟಿ. ಭಾಗವ್ವ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟಿದ್ದಳು: ಹದಿನೇಳು. ಚೀಟಿಯ ಕೆಳಗಿದ್ದ ಡಾಕ್ಟರ ನಂಬರಿಗೆ ನಾನೇ ಫೋನ್ ಮಾಡಿದೆ.

"ನಮ್ಮ ಸ್ಟಡಿ ಜರ್ನಲ್‌ನಲ್ಲಿ ಪಬ್ಲಿಷ್ ಆಯ್ತಲ್ಲಮ್ಮ! ಪ್ರಪಂಚದಲ್ಲಿ ಯಾರು ಬೇಕಾದ್ರೂ ಓದ್ಬಹುದು. ಕೊನೆಗೆ ನಿಮಗೇ ಲಾಭ ಅಲ್ವಾ?"

"ಕನ್ನಡದಲ್ಲಿದೆಯಾ ಮೇಡಂ?"

"ಅದು... ಟೈಮ್ ಆಗ್ಲಿಲ್ಲ."

ಲಿಂಕ್ ಬಂತು. "ಪೂರ್ತಿ ಓದಿ ಹೇಳ್ತೀನಿ ಅಕ್ಕಾ," ಅಂತ ಭಾಗವ್ವನಿಗೆ ಮಾತು ಕೊಟ್ಟೆ.

ಹನ್ನೊಂದು ಪುಟ. ಕೆಂಗೇರಿಯಿಂದ ಬರುವ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈಯಲ್ಲಿ ಫೋನು. ರಾತ್ರಿ ಮನೆಯಲ್ಲಿ ಒಂದೊಂದು ಪದಕ್ಕೂ ಅರ್ಥ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನೆಂಟು ದಿನ ಹಿಡಿಯಿತು. ಡಾಕ್ಟರುಗಳ ಹೆಸರು ಐದಿತ್ತು. ನಮ್ಮವರದು ಒಂದೂ ಇಲ್ಲ, ಬರೀ ನಂಬರು.

ಊಟದ ಹೊತ್ತಿಗೆ ತೊಟ್ಟಿ ಪಕ್ಕ ನಿಂತು ಓದತೊಡಗಿದೆ. ಡಬ್ಬಿ ಹಿಡಿದವರೆಲ್ಲ ಸುತ್ತ ಕೂತರು. ಯೋಗಾನಂದ ಹೊರಗೆ ಬಂದ. "ಏನೇ ಇದು, ಹರಿಕತೆನಾ?"

ನಿಲ್ಲಿಸಲಿಲ್ಲ.

"ಹದಿನೇಳನೇ ನಂಬರು. ಹೆಂಗಸು. ಕ್ರೋಮ್ ತೊಟ್ಟಿಯಲ್ಲಿ ಒಂಬತ್ತು ವರ್ಷ. ಮೂಗಿನ ನಡುಗೋಡೆಯಲ್ಲಿ ತೂತು. ನಶ್ಯದ ಅಭ್ಯಾಸ: ಇಲ್ಲ."

"ಇನ್ನೊಮ್ಮಿ ಓದವ್ವಾ," ಅಂದಳು ಭಾಗವ್ವ. "ಮಾಲಕ್ರಿಗೆ ಕಿವಿ ಮಂದ."

ಓದಿದೆ. ಅವಳು ಗ್ಲೌಸು ಕಳಚಿ ತೊಟ್ಟಿಯ ಅಂಚಿಗೆ ಹಾಕಿ, ನಿಧಾನಕ್ಕೆ ನಡೆದು, ಪ್ಯಾಕಿಂಗ್ ಮೇಜಿನ ಮುಂದೆ ಕೂತಳು.

"ಏಯ್, ಎದ್ದೇಳೇ!"

ಏಳಲಿಲ್ಲ. ನಾನು ಹದಿನೆಂಟನೇ ನಂಬರಿಗೆ ಹೋದೆ. ನಲವತ್ತನೆಯದನ್ನೂ ಓದಿ ಮುಗಿಸಿ ನೋಟ್‌ಬುಕ್ ಮಡಚಿದೆ, ಮೂಗು ಒರೆಸಿಕೊಂಡೆ. ಕರ್ಚೀಫಿನಲ್ಲಿ ರಕ್ತವಿತ್ತು.